ಇಣುಕಿದವರ ಪಟ್ಟಿ

ಮೀನಿನ ಹೆಜ್ಜೆ ಕಂಡವರಿಲ್ಲ,
ನಾರ್ವೆಯಲ್ಲಿ ನೆರೆಯವನ ಗಳಿಕೆ ಕಾಣದವರಿಲ್ಲ.
ತೆರುವುದು ನಮ್ಮ ಪಾಲು, ತೆರೆಯುವುದು ಇಲಾಖೆಯ ಪಾಲು:
ವರ್ಷಕ್ಕೊಮ್ಮೆ ಎಲ್ಲರ ಅಂಕಿಯೂ ಬಯಲಿಗೆ,
ಪಾದ್ರಿಯದು, ಮಂತ್ರಿಯದು, ಬೋಟ್ಸ್‌ಫ್ಯೂರಿನ ಕಾರ್ಖಾನೆಯಲ್ಲಿ
ಕಾಡ್ ಮೀನಿನ ಮುಳ್ಳು ಬಿಡಿಸುವ ಗುಡ್ನಿಯದು, ಅಂದರೆ ನನ್ನದು.
ಈ ತುದಿಯಲ್ಲಿ ಬದುಕುವವರಿಗೆ ತೆರಿಗೆಯಲ್ಲಿ ಒಂದಿಷ್ಟು ಸೋಡಿ ಉಂಟು.
ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯ ಬರುವುದಿಲ್ಲವಲ್ಲ,
ನಾವದನ್ನು ಕತ್ತಲೆಯ ರಿಯಾಯಿತಿ ಅನ್ನುತ್ತೇವೆ.

ಅಪ್ಪನ ಕಾಲದಲ್ಲಿ ಅದು ದಪ್ಪ ರಟ್ಟಿನ ಪುಸ್ತಕ.
ಪುರಸಭೆಯ ಮೇಜಿನ ಮೇಲೆ ಕೆಲವು ವಾರ ಬಿದ್ದಿರುತ್ತಿತ್ತು.
ಅಪ್ಪ ರಬ್ಬರು ಬೂಟಿನಲ್ಲೇ ಹೋಗಿ ಸಾಲು ನಿಂತು
ಒದ್ದೆ ಬೆರಳಲ್ಲಿ ಹಾಳೆ ಮಗುಚಿ ಬಂದು ಸೂಪಿನ ಮುಂದೆ ಕೂತು
"ಅಂಗಡಿ ಹೆಲ್ಮರ್ ನಮಗಿಂತ ಬಡವನಂತೆ ಕಣ್ರೋ!" ಎಂದು
ಉಂಡದ್ದಕ್ಕಿಂತ ಹೆಚ್ಚು ನಕ್ಕು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ.

ಆಮೇಲೆ ಪುಸ್ತಕ ಫೋನಿಗೆ ಇಳಿಯಿತು.
ಊರಿಗೆ ಊರೇ ಹೊದಿಕೆಯೊಳಗೆ ನೀಲಿ ಬೆಳಕು.
ಅಳಿಯನ ಸಂಬಳ, ಹಳೇ ಗೆಳೆಯನ ಆಸ್ತಿ,
ಬಿಟ್ಟುಹೋದವಳು ಕಟ್ಟಿಕೊಂಡವನ ವರಮಾನ.
ಹೊಟ್ಟೆಕಿಚ್ಚಿಗೂ ಒಂದು ಸುಗ್ಗಿ.

ಆಗ ಸರಕಾರ ಒಂದೇ ಒಂದು ಕಿಂಡಿ ಹೆಚ್ಚಿಗೆ ಕೊರೆಯಿತು:
ಇಣುಕಿ, ಬೇಡವೆನ್ನುವುದಿಲ್ಲ. ಆದರೆ ಇಣುಕಿದವರು ಯಾರೆಂದು
ಆ ಮನೆಯವರಿಗೂ ತಿಳಿಯುತ್ತದೆ.
ಅಷ್ಟೇ. ಹೆರಿಂಗ್ ಹಿಂಡು ಕೊಲ್ಲಿ ಬಿಟ್ಟು ಹೋದಂತೆ
ರಾತ್ರೋರಾತ್ರಿ ಕಣ್ಣುಗಳೆಲ್ಲ ಮಾಯ.
ತೆರಿಗೆಗೆ ಹೆದರದವರು ನಾಚಿಕೆಗೆ ಹೆದರಿದರು.

ನಾನು ಹೆದರಲಿಲ್ಲ ಅನ್ನಲಾರೆ.
ಅಪ್ಪನ ದೋಣಿಯನ್ನು ಅಣ್ಣ ಟೋರ್ಮೊಡ್ ಮಾರಿದ ದಿನದಿಂದ
ನಮಗೆ ಮಾತಿಲ್ಲ. ಬೆರ್ಗೆನ್ನಿನ ಕಡೆ ಫೆರ್ರಿ ನಡೆಸುತ್ತಾನೆ
ಎಂದು ಯಾರೋ ಅಂದರು; ನಾನು ಚಾಕು ಮಸೆಯುತ್ತಿದ್ದೆ.
ಒಂದು ಡಿಸೆಂಬರ್. ಆ ತಿಂಗಳ ಸಂಬಳದಲ್ಲಿ
ಅರ್ಧವೇ ತೆರಿಗೆ ಹಿಡಿಯುತ್ತಾರೆ, ಹಬ್ಬಕ್ಕೆಂದು;
ಉಳಿದ ತಿಂಗಳಲ್ಲಿ ಒಂದಿಷ್ಟು ಹೆಚ್ಚಿಗೆ ಹಿಡಿದಿಟ್ಟು
ನಮ್ಮದನ್ನೇ ನಮಗೆ ಉಡುಗೊರೆ ಕೊಡುವ ಜಾಣತನ.
ಆ ಅರ್ಧದ ಧೈರ್ಯದಲ್ಲಿ ಅವನ ಹೆಸರು ಒತ್ತಿದೆ.
ಆದಾಯ ಇಷ್ಟು. ತೆರಿಗೆ ಇಷ್ಟು. ಆಸ್ತಿ, ಸೊನ್ನೆ.
ದೋಣಿಯ ದುಡ್ಡು ಏನಾಯಿತೆಂದು ಯಾವ ಕಾಲಮಿನಲ್ಲೂ ಇರಲಿಲ್ಲ.

ಮಾರನೇ ದಿನ ನನ್ನ ಪಟ್ಟಿಯಲ್ಲಿ ಒಂದೇ ಒಂದು ಹೆಸರು.
ಅವನದು. ಹುಟ್ಟಿದ ವರ್ಷ. ಐದರಿಂದ ಶುರುವಾಗುವ ಅಂಚೆ ಸಂಖ್ಯೆ.
ತಂಗಿಯ ಬಡತನ ಅಳೆಯಲು ಬಂದನೋ,
ನೀನು ನೋಡಿದ್ದನ್ನು ನೋಡಿದೆ ಎನ್ನಲು ಬಂದನೋ.
ಅಂದಿನಿಂದ ವರ್ಷಕ್ಕೊಮ್ಮೆ ನಾನು, ಮರುದಿನ ಅವನು.
ಏಳು ವರ್ಷ ಹೀಗೆ, ಒಂದು ಅಕ್ಷರವಿಲ್ಲದೆ;
ಗೋಡೆಯಾಚೆ ಇದ್ದೇನೆ ಎಂದು ತಿಳಿಸುವ ಕೆಮ್ಮು,
ಸರಕಾರದ ಖರ್ಚಿನಲ್ಲಿ.

ಹೋದ ವರ್ಷ ನನ್ನ ಮಣಿಕಟ್ಟು ಕೈಕೊಟ್ಟಿತು.
ಅರ್ಧ ದಿನದ ಕೆಲಸಕ್ಕೆ ಇಳಿದೆ. ಯಾರಿಗೂ ಹೇಳಲಿಲ್ಲ.
ಹೇಳುವುದೇನು, ಈ ಸಲದ ಅಂಕಿಯೇ ಸಾರಿತು.
ನಾನು ನೋಡುವ ಮೊದಲೇ ಅವನು ನೋಡಿದ್ದ.
ಒಂದೇ ರಾತ್ರಿ ಒಂಬತ್ತು ಸಲ,
ತಟ್ಟಲೂ ಆಗದೆ, ತಿರುಗಿ ಹೋಗಲೂ ಆಗದೆ
ಬಾಗಿಲ ಮುಂದೆ ಶತಪಥ ಹಾಕುವವನ ಹಾಗೆ.

ಒಂಬತ್ತನ್ನು ಎಣಿಸುವ ಭರದಲ್ಲಿ
ಇನ್ನೊಂದು ಒಂಬತ್ತು ತಡವಾಗಿ ಕಂಡಿತು.
ಅಂಚೆ ಸಂಖ್ಯೆಯ ಐದು ಹೋಗಿದೆ:
ಒಂಬತ್ತು, ಒಂಬತ್ತು, ಎಂಟು, ಸೊನ್ನೆ.
ಬೆರ್ಲೆವೋಗ್. ನಮ್ಮ ಪಕ್ಕದ ಬಂದರು.
ಎರಡು ಗಂಟೆಯ ನೀರು ನಡುವೆ.
ಹಾಗಾದರೆ ಇನ್ನು ಅವನಿಗೂ ಕತ್ತಲೆಯ ರಿಯಾಯಿತಿ.

ಅವನ ಹೆಸರು ಒತ್ತಲು ಹೋದ ಬೆರಳು ಹಿಂದೆಗೆಯಿತು.
ಕರಾವಳಿ ಹಡಗು ಎಷ್ಟು ಹೊತ್ತಿಗೆ ಎಂದು ಹುಡುಕಿದೆ.
ಅದನ್ನು ಹುಡುಕಿದವರು ಯಾರೆಂದು
ಹಡಗಿನವರು ಯಾರಿಗೂ ಹೇಳುವುದಿಲ್ಲ.