ಒಂದು ಹನಿ

ಎದೆಯೊಳಗೊಂದು ಲೋಹದ ಕದ ಕೂರಿಸಿದ್ದಾರೆ.
ರಾತ್ರಿ ಮನೆ ಮಲಗಿದ ಮೇಲೆ ಅದು
ಟಿಕ್ಕೆಂದು ತೆರೆದು ಟಿಕ್ಕೆಂದು ಮುಚ್ಚುವುದು
ಫುಸಾಯೆಗೂ ಕೇಳಿಸುತ್ತದಂತೆ.
‘ಈ ವಯಸ್ಸಲ್ಲಿ ಗಡಿಯಾರದ ಜೊತೆ ಸಂಸಾರ’ ಎಂದು
ಮಗ್ಗುಲು ಬದಲಿಸುತ್ತಾಳೆ.

ಮಿತೊ ಊರಲ್ಲಿ ನಮ್ಮದು ನಾಲ್ಕು ತಲೆಮಾರಿನ ನತ್ತೊ ಅಂಗಡಿ.
ತಿಂದಿಲ್ಲದವರಿಗೆ ಹೇಳುತ್ತೇನೆ:
ಸಣ್ಣ ಸೋಯಾ ಕಾಳನ್ನು ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಿ,
ಹಬೆಯಾಡುತ್ತಿರುವಾಗಲೇ ಭತ್ತದ ಹುಲ್ಲಲ್ಲಿ ಕಟ್ಟಿ,
ಬೆಚ್ಚನೆಯ ಕೋಣೆಯಲ್ಲಿಟ್ಟು ಬಾಗಿಲು ಎಳೆದುಕೊಂಡರೆ
ನಮ್ಮ ಕೆಲಸ ಮುಗಿಯಿತು.
ಮುಂದಿನದೆಲ್ಲ ಹುಲ್ಲಲ್ಲೇ ಅಡಗಿರುವ,
ಕಣ್ಣಿಗೆ ಕಾಣದ, ಕೂಲಿ ಕೇಳದ ಆಳುಗಳದ್ದು.
ಮರುದಿನ ಬಿಚ್ಚಿ ಕಡ್ಡಿಯಲ್ಲಿ ಎತ್ತಿದರೆ
ಎಳೆ, ಎಳೆಯ ಹಿಂದೆ ಎಳೆ,
ಜೇಡ ನಾಚಿ ನೇಯ್ಗೆ ಬಿಡುವಷ್ಟು.
ವಾಸನೆ?
‘ನೆನೆದ ಕಾಲುಚೀಲ’ ಎಂದ, ಒಸಾಕಾದಿಂದ ಬಂದ ಅಳಿಯ.
ಇರಲಿ. ಮಗಳನ್ನು ಕೊಟ್ಟಾಗಿದೆ.

ಡಾಕ್ಟರ್ ಕುರಮೊಚಿ ನನ್ನ ಮಗಳಿಗಿಂತ ಚಿಕ್ಕವಳು.
‘ಕದದ ಮೇಲೆ ರಕ್ತ ಗಟ್ಟಿಕಟ್ಟಬಾರದು ತಾತ,
ಅದಕ್ಕೇ ಈ ಮಾತ್ರೆ.
ರಕ್ತ ಹೆಪ್ಪುಗಟ್ಟಿಸುವ ಸರಕನ್ನು ಪಿತ್ತಜನಕಾಂಗ ತಯಾರಿಸುತ್ತದೆ,
ಅದಕ್ಕೆ ಕೊಕ್ಕೆ ಹಾಕಿಕೊಡುವುದು ವಿಟಮಿನ್ ಕೆ.
ಕೊಕ್ಕೆಯಿದ್ದರೆ ಸುಣ್ಣವನ್ನು ಹಿಡಿಯುತ್ತದೆ, ಗಾಯಕ್ಕೆ ಅಂಟುತ್ತದೆ;
ಇಲ್ಲದಿದ್ದರೆ ಸುಮ್ಮನೆ ತೇಲಿಹೋಗುತ್ತದೆ.
ಮಾತ್ರೆ ಕೊಕ್ಕೆ ತಪ್ಪಿಸುತ್ತದೆ. ನಿಮ್ಮ ನತ್ತೊ...’
ಅಲ್ಲಿಗೆ ನಿಲ್ಲಿಸಿ ನನ್ನ ಕೈ ನೋಡಿದಳು.
ಉಗುರ ಸಂದಿಯಲ್ಲಿ ಬೆಳಗಿನ ಅಂಟು ಇನ್ನೂ ಇತ್ತು.
‘...ಅದರ ಕಣಜ. ಒಂದು ತುತ್ತೂ ಬೇಡ.’

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವವರು
ನನ್ನ ಕೈ ನೋಡಬೇಕು,
ದಿನಕ್ಕೆ ಮುನ್ನೂರು ಕಟ್ಟು.
ಈಗ ಎಳೆಯ ಉದ್ದ ನೋಡಿ ಅಂದಾಜು ಮಾಡುತ್ತೇನೆ,
ಮೂಸುತ್ತೇನೆ,
ರುಚಿಗೆ ಫುಸಾಯೆಯ ನಾಲಿಗೆಯನ್ನು ಸಾಲ ಕೇಳುತ್ತೇನೆ.
‘ಚೆನ್ನಾಗಿದೆ’ ಎನ್ನುತ್ತಾಳೆ.
ಎಷ್ಟು ಚೆನ್ನಾಗಿದೆ ಎಂದು ಹೇಳುವುದೇ ಇಲ್ಲ.

ಗಡ್ಡ ಹೆರೆಯುವಾಗ ಚೂರು ತಗುಲಿದರೆ
ಟವೆಲು ಒತ್ತಿಕೊಂಡು ಎಣಿಸುತ್ತೇನೆ:
ನೂರು, ಇನ್ನೂರು, ಮುನ್ನೂರ ನಲವತ್ತು.
ಮಾತ್ರೆ ಕೆಲಸ ಮಾಡುತ್ತಿದೆ.

ಅಮ್ಮ ತೊಂಬತ್ತಮೂರರಲ್ಲಿ
ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ದೊಪ್ಪನೆ ಬಿದ್ದು
ತಾನೇ ಎದ್ದು ಸೊಂಟ ಒರೆಸಿಕೊಂಡಳು.
‘ನತ್ತೊ ತಿಂದ ಎಲುಬು ಕಣೋ!’
ಡಾಕ್ಟರಿಗೆ ಇದನ್ನು ಹೇಳಿದೆ.
‘ಇರಬಹುದು. ಎಲುಬಲ್ಲೂ ಸುಣ್ಣ ಹಿಡಿದಿಡುವ ಕೊಕ್ಕೆ ಅದೇ.
ಆದರೆ ಆಣೆ ಹಾಕಲಾರೆ’ ಎಂದಳು.
ಆಣೆ ಹಾಕದ ಡಾಕ್ಟರನ್ನು ನಂಬಬಹುದೆನಿಸಿತು.

ಪ್ಲಮ್ ಹೂ ಬಿಡುವ ವಾರ.
ಹೆರಿಗೆಗೆ ತವರಿಗೆ ಬಂದ ಶಿಯೋರಿಗೆ ಹೆಣ್ಣುಮಗು.
ಹಿಮ್ಮಡಿ ಚುಚ್ಚಿ ಪರೀಕ್ಷೆಗೆ ರಕ್ತ ತೆಗೆದರು;
ನಾನು ಅಭ್ಯಾಸಬಲದಿಂದ ಎಣಿಸತೊಡಗಿದೆ.
ಅರವತ್ತೂ ಆಗಿರಲಿಲ್ಲ,
ಮಗು ಅಳು ಮರೆತಿತ್ತು, ಹಿಮ್ಮಡಿ ಒಣಗಿತ್ತು.

ಮನೆಗೆ ಹೊರಟಾಗ ದಾದಿ ಪುಟ್ಟ ಪೊಟ್ಟಣಗಳ ಮಾಲೆ ಕೊಟ್ಟಳು.
‘ವಾರಕ್ಕೊಂದು, ಮೂರು ತಿಂಗಳು. ಮರೆಯಬೇಡಿ.
ಎದೆಹಾಲಲ್ಲಿ ಇದು ಇರುವುದು ಕಡಿಮೆ,
ಇವಳ ಹೊಟ್ಟೆಯಲ್ಲಿ ಇದನ್ನು ಮಾಡುವ ಜೀವಿಗಳು ಇನ್ನೂ ನೆಲೆಸಿಲ್ಲ.
ಇಲ್ಲದೆ ಹೋದರೆ ಒಮ್ಮೊಮ್ಮೆ
ಸದ್ದಿಲ್ಲದೆ ತಲೆಯೊಳಗೆ ರಕ್ತ ಸೋರುತ್ತದೆ.’
‘ಏನಿದರ ಹೆಸರು?’
‘ವಿಟಮಿನ್ ಕೆ. ನಿಮ್ಮ ನತ್ತೊದಲ್ಲಿರುವುದರ ದಾಯಾದಿ,
ಬಾಲ ಸ್ವಲ್ಪ ಗಿಡ್ಡ, ಅಷ್ಟೆ.’
ನಕ್ಕುಬಿಟ್ಟೆ.
ಎದೆಯ ಕದ ಲೆಕ್ಕ ತಪ್ಪಿ ಟಿಕಟಿಕ ಎಂದಿತು.

ಮುಂದಿನ ಮಂಗಳವಾರ ಚಮಚ ನಾನೇ ಇಸಿದುಕೊಂಡೆ.
ಎಲುಬಿಲ್ಲದ ಪುಟ್ಟ ನಾಲಿಗೆ
ಮೊದಲು ಮುಖ ಕಿವುಚಿಸಿ,
ಆಮೇಲೆ ಮೀನಿನಂತೆ ಬಾಯಿ ತೆರೆಸಿತು.
ಚಮಚದ ತುದಿಯಲ್ಲಿ ಒಂದು ಹನಿ ಉಳಿಯಿತು,
ತಿಳಿಹಳದಿ, ಅಂಟಂಟು.
ಅಳಿಯ ಬಾಗಿಲಲ್ಲಿ ನಿಂತಿದ್ದ.
ಅಷ್ಟರಿಂದ ಏನೂ ಆಗುತ್ತಿರಲಿಲ್ಲವೇನೋ;
ಡಾಕ್ಟರನ್ನು ಕೇಳಬಹುದಿತ್ತು.

ನಲ್ಲಿ ತಿರುಗಿಸಿ
ಚಮಚವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ.