ಅರ್ಧ ಬೆರಳಿನ ಪೂರ್ತಿ ಹೆಸರು

ಎಸ್‌ಜೆಪಿ ರೋಡಿನ ಒಳಗಲ್ಲಿಯಲ್ಲಿ
ನಟ್ಟು ಬೋಲ್ಟಿನಂಗಡಿ. ಅದರ ಅಟ್ಟದಲ್ಲಿ ನಾನು,
ನೆತ್ತಿಗೂ ಫ್ಯಾನಿಗೂ ಒಂದೇ ಗೇಣು.
ಲ್ಯಾಪ್‌ಟಾಪಿಗೆ ಮೇಜು ಅಂದರೆ
ಅರ್ಧ ಇಂಚಿನ ಬೋಲ್ಟುಗಳ ಪೆಟ್ಟಿಗೆ.

ಕೆಲಸ ಇಷ್ಟೇ:
ಕೆಳಗೆ ಗಲ್ಲಾದ ಪಕ್ಕದ ಬಿಲ್ಲಿನ ಕಂಪ್ಯೂಟರಿಗೂ
ಎಲ್ಲಿದೆಯೋ ಗೊತ್ತಿಲ್ಲದ ಲೆಕ್ಕದ ಕ್ಲೌಡಿಗೂ
ಗಂಟು ಹಾಕಬೇಕು.
ಇಲ್ಲಿ ಬಿಲ್ಲು ಹರಿದರೆ ಅಲ್ಲಿ ಖಾತೆಗೆ ಹತ್ತಬೇಕು.
ಮದುವೆ ಬ್ರೋಕರ್ ಕೆಲಸ ಅಂತಾರೆ ಮೆಹರಕ್ಕ,
ಗಂಡೂ ಹೆಣ್ಣೂ ಮುಖ ನೋಡಿಲ್ಲ,
ನಡುವೆ ನಿಮ್ದು ಕಮಿಷನ್ನು.

'ಹೊಸ ಸಂಪರ್ಕ' ಒತ್ತಿದೆ.
ಒಂದು ಗುರುತು ಕೊಟ್ಟಿತು, ಒಂದು ಗುಟ್ಟು ಕೊಟ್ಟಿತು,
ನಲವತ್ತು ಅಕ್ಷರ.
ಇದನ್ನು ಮತ್ತೆ ತೋರಿಸುವುದಿಲ್ಲ ಎಂದಿತು,
ಸಾಯುವ ಮುದುಕಿ ಹೂತಿಟ್ಟ ಜಾಗ ಹೇಳಿದಂತೆ.
ಕೈಗೆ ಸಿಕ್ಕಿದ್ದು ವಾಷರಿನ ರಟ್ಟಿನ ಡಬ್ಬಿ.
ಅದರ ಬೆನ್ನಿಗೆ ಬರೆದೆ.
ಹನ್ನೊಂದನೆಯದು ಸೊನ್ನೆಯೋ, ಓ ಅಕ್ಷರವೋ?
ಸೊನ್ನೆ ಅಂದುಕೊಂಡೆ.

ತಿರಸ್ಕಾರ.
ತಪ್ಪು ಗುಟ್ಟಿನದಲ್ಲ, ಹಿಂತಿರುಗುವ ವಿಳಾಸದ್ದು:
ಕೊನೆಯಲ್ಲೊಂದು ಓರೆಗೆರೆ ಹೆಚ್ಚಾಗಿತ್ತು.
'ಗುಜರಿ ಪಕ್ಕ, ಮೆಟ್ಟಿಲ ಕೆಳಗೆ'
ಅಂತ ಬರೆದ ಕಾಗದವೂ ತಲುಪುವ ಗಲ್ಲಿಯಲ್ಲಿ ಕೂತು
ಒಂದು ಗೆರೆಗೆ ಇಡೀ ಮಧ್ಯಾಹ್ನ ತೆತ್ತೆ.

ಆಮೇಲೆ ಒಪ್ಪಿಗೆಯ ಪುಟ.
ನಿಮ್ಮ ಗ್ರಾಹಕರನ್ನು ಓದಬಹುದೇ? ಬಿಲ್ಲು ಬರೆಯಬಹುದೇ?
ನೀವಿಲ್ಲದಾಗಲೂ ಒಳಗೆ ಬರಬಹುದೇ?
ಮೆಹರಕ್ಕ ಏಣಿ ಹತ್ತಿ ಬಂದು ಕನ್ನಡಕ ಏರಿಸಿದರು.
"ನಾನಿಲ್ದಾಗ ಒಳಗಾ?
ಗಲ್ಲಾ ಕೀಲಿ ಮೈದ್ನಂಗೂ ಕೊಟ್ಟಿಲ್ಲ ನಾನು."
ಅರವತ್ತು ದಿನ ಬರದಿದ್ದರೆ ತಾನೇ ಹೋಗುತ್ತೆ, ಅಂದೆ.
"ಹಂಗಾದ್ರೆ ಮೈದ್ನಂಗಿಂತ ವಾಸಿ."
ಒತ್ತಿದರು. ತಗೊಳ್ಳಲಿಲ್ಲ. ಬೆರಳಲ್ಲಿ ಗ್ರೀಸು.
ದುಪಟ್ಟಾಗೆ ಒರೆಸಿ ಇನ್ನೊಮ್ಮೆ.
ಹಸಿರು ಚುಕ್ಕೆ.

ಇನ್ನು ಹೆಸರು ಜೋಡಿಸುವುದು.
ಅಲ್ಲಿಯ ಖಾನೆಗೆ ಪೂರ್ತಿ ಹೆಸರು ಬೇಕು, ಇಮೇಲ್ ಬೇಕು.
ಇಲ್ಲಿಯ ಪುಸ್ತಕದಲ್ಲಿ:
ಕೆಂಪು ಸ್ಕೂಟರ್, ಎಂಟುನೂರು ಬಾಕಿ.
ಪೀಣ್ಯ ಮೀಸೆ, ಚುಕ್ತಾ.
ಲೇತ್ ಅಂಕಲ್.
ಲೇತ್ ಅಂಕಲ್ ಅಳಿಯ (ಇವನಿಗೆ ಉದ್ರಿ ಇಲ್ಲ).
ಅರ್ಧ ಬೆರಳು, ಎರಡು ಸಾವಿರದ ಮುನ್ನೂರ ನಲವತ್ತು.

ಅಲ್ಲಿ ಮೆಹರಕ್ಕ ತಡೆದರು.
ಪ್ರೆಸ್ಸಿಗೆ ಸಿಕ್ಕಿ ಬೆರಳು ಹೋಗುವ ಮುಂಚೆ
ಅವರಿಗೂ ಏನೋ ಹೆಸರಿತ್ತು.
"ಯಲ್ಲೋಜೀ, ಅರ್ಧ ಬೆರಳಿಂದು ಏನೋ?"
ಕೆಳಗಿಂದ: "ಅರ್ಧ ಇಂಚು ಸ್ಟಾಕಿಲ್ಲಕ್ಕಾ!"
ಇತ್ತು. ನಾನದರ ಮೇಲೆ ಕೆಲಸ ಮಾಡುತ್ತಿದ್ದೆ.

ಫೋನು ಹಚ್ಚಿದರು. ಹತ್ತೊಂಬತ್ತು ವರ್ಷದ ಗಿರಾಕಿಗೆ
ನಿಮ್ಮ ಹೆಸರೇನು ಅಂತ ಕೇಳುವುದು ಹೇಗೆ?
ಅಂಗೈಯಲ್ಲಿ ಫೋನು ಮುಚ್ಚಿ ನನ್ನ ನೋಡಿದರು.
ಆಮೇಲೆ, ಯಾವುದೋ ಆಫೀಸಿನ ದನಿಯಲ್ಲಿ:
"ಸಾರ್, ಜಿಎಸ್‌ಟಿಗೆ ನಿಮ್ ಸ್ಪೆಲ್ಲಿಂಗ್ ಬೇಕಿತ್ತು."
ವೃ. ಷ. ಭೇಂ. ದ್ರ. ಪ್ಪ.
ಬಿಡಿಬಿಡಿಯಾಗಿ ಇಳಿಸಿಕೊಂಡೆ.
"ಯಾ ಅಲ್ಲಾ, ಇಷ್ಟುದ್ದ ಇಟ್ಕೊಂಡು
ಒಂದಿನಾನೂ ಬಾಯಿ ಬಿಡ್ಲಿಲ್ಲ ನೋಡಿ."

ಸಂಜೆ ಆರಕ್ಕೆ ಅವರೇ ಬಂದರು.
"ಬನ್ನಿ, ವೃಷಭೇಂದ್ರಪ್ಪನೋರೆ."
ಅವರು ತಿರುಗಿ ತಮ್ಮ ಹಿಂದೆ ನೋಡಿದರು.
ಹಿಂದೆ ಒಂದು ಟೆಂಪೋ, ಒಂದು ಖಾಲಿ ಕೈಗಾಡಿ.

ಮುನ್ನೂರ ನಲವತ್ತು ಕೊಟ್ಟು, ಎರಡು ಸಾವಿರ ಉಳಿಸಿ,
ಏನೋ ಕೊಂಡು ಹೊರಟರು.
ಅಟ್ಟದಲ್ಲಿ ನನ್ನ ಪರದೆಯ ಮೇಲೆ
ಯಾರೂ ಮುಟ್ಟದೆ
ಮುನ್ನೂರ ನಲವತ್ತು ಇಳಿಯಿತು.

ಕುಣಿಯುವಷ್ಟು ಎತ್ತರ ಅಲ್ಲಿರಲಿಲ್ಲ.
ಕೂತಲ್ಲೇ ಪಕ್ಕಕ್ಕೆ ಕೈ ಚಾಚಿದೆ. ವಾಷರಿನ ಡಬ್ಬಿ ಇಲ್ಲ.
ಯಲ್ಲೋಜಿ ಯಾವಾಗಲೋ ಏಣಿ ಹತ್ತಿ ಇಳಿದಿದ್ದ.
ನಮ್ಮ ನಲವತ್ತು ಅಕ್ಷರ
ಟಿವಿಎಸ್ಸಿನ ಮುಂದಿನ ಚೀಲದಲ್ಲಿ ಕುಲುಕುತ್ತ
ಕಾಮಾಕ್ಷಿಪಾಳ್ಯದ ಕಡೆ ಹೋಗುತ್ತಿದ್ದವು.

ಹಳೆಯದನ್ನು ರದ್ದು ಮಾಡಿ ಹೊಸ ಗುಟ್ಟು ಕೇಳಿದೆ.
ಒಮ್ಮೆ ಮಾತ್ರ, ಎಂದಿತು.
ಈ ಸಲ ಅಂಗೈ ಮೇಲೆ ಬರೆದುಕೊಂಡೆ,
ಸೊನ್ನೆಗೆ ನಡುವೆ ಒಂದು ಗೆರೆ ಎಳೆದು.