ಶ್ಯಾಪ್ ಏರಿನಲ್ಲಿ

ಬೆಳಿಗ್ಗೆ ಏಳಕ್ಕೇ ಬಂದು ಜಾಗ ಹಿಡಿದಿದ್ದೇವೆ,
ಸ್ಕೌಟ್ ಗ್ರೀನಿನ ಬೇಲಿಗೆ ಒರಗಿ ಹನ್ನೊಂದು ಮಂದಿ,
ಹನ್ನೊಂದು ಮುಕ್ಕಾಲಿ, ಕುರಿಗಳಿಗೆ ಲೆಕ್ಕವಿಲ್ಲ.
ಹೆಸ್ಕೆತ್ ಫ್ಲಾಸ್ಕಿನ ಚಹಾ ಯಾರಿಗೂ ಕೊಡುವವನಲ್ಲ,
ಹವಾಮಾನ ಮಾತ್ರ ಧಾರಾಳ ಹಂಚುತ್ತಾನೆ:
"ಹತ್ತೂವರೆಗೆ ಮೋಡ. ಹತ್ತು ಮೂವತ್ತೆರಡಕ್ಕೆ ಗಾಡಿ.
ಯಾವತ್ತೂ ಹೀಗೇ."
ಆಚೆ ಹೆದ್ದಾರಿಯ ಲಾರಿಗಳ ಮೊರೆತ
ಬೆಟ್ಟದ ಮೈಗೆ ಹತ್ತಿದ ಜ್ವರದ ಹಾಗೆ, ಬಿಡುವುದೇ ಇಲ್ಲ.

ನಾನು ಹಿಲರಿ ಬಿಂಡ್ಲಾಸ್. ಎಪ್ಪತ್ತೈದಾಯಿತು.
ಈ ಬೇಲಿಯುದ್ದಕ್ಕೂ ಒಬ್ಬಳೇ ಹೆಂಗಸು,
ಇವರ ಪ್ರಕಾರ ಒಬ್ಬಳೇ ಹುಚ್ಚಿ ಕೂಡ:
ಎಲ್ಲರೂ ಕಾಯುವುದು ಮೂತಿಗೆ,
ನಾನು ಬಾಲಕ್ಕೆ.

ನಮ್ಮ ಮಂದಿಯ ಒಂದು ಮಾತಿದೆ, ಕ್ರಿಕೆಟ್ಟಿನಿಂದ ಕದ್ದದ್ದು: ಬೌಲ್ಡ್.
ಕಾದು ಕಾದು ಕಡೆಗೆ ಹಬೆಯ ಇಂಜಿನ್ನು ತಿರುವಿನಲ್ಲಿ ಮೂಡುವಾಗಲೇ
ಈಚೆ ಹಳಿಯ ಮೇಲೆ ಸರಕುಗಾಡಿಯೊಂದು ಅಡ್ಡ ಬಂತೋ,
ನೀನು ಔಟ್. ಅಂಪೈರನೂ ಇಲ್ಲ, ಬೈಯಲಿಕ್ಕೆ.

ಅರವತ್ತೊಂದನೇ ಇಸವಿ. ನನಗೆ ಹನ್ನೊಂದು.
ಅತ್ತೆ ಕೊಟ್ಟ ಕರೀ ಡಬ್ಬದ ಕ್ಯಾಮೆರಾ,
ಒಂದು ಸುರುಳಿಗೆ ಎಂಟೇ ಚಿತ್ರ.
ಅಪ್ಪ ಟೀಬೇ ಶೆಡ್ಡಿನಲ್ಲಿ ಬೆಂಕಿಯಾಳು.
ಭಾರದ ಗಾಡಿ ಏರು ಹತ್ತಲಾರದೆ ಏದುಸಿರು ಬಿಟ್ಟರೆ
ಹಿಂದಿನಿಂದ ಬಂದು ನೂಕುವ ಮೋಟು ಇಂಜಿನ್ನು ಅವನದು.
ಅದಕ್ಕೆ ಬರೀ ನಂಬರು.
ಎಳೆಯುವವಕ್ಕೆ ಹೆಸರಿಡುತ್ತಾರೆ, ರಾಣಿಯರದು, ಊರುಗಳದು;
ನೂಕುವವಕ್ಕೆ ಯಾರಿಡುತ್ತಾರೆ?

ಕೊಂಡಿ ಹಾಕುತ್ತಿರಲಿಲ್ಲ. ಬಫರಿಗೆ ಬಫರು ಒತ್ತಿ,
ಮುಂದಿನದು ಕೂಗಿದರೆ ಇದು ಓಗೊಟ್ಟು,
ಏರಿನುದ್ದಕ್ಕೂ ಸಲಿಕೆ, ಕಲ್ಲಿದ್ದಲು, ಸಲಿಕೆ,
ನೆತ್ತಿ ಮುಟ್ಟಿದೊಡನೆ ಉಗಿ ಇಳಿಸಿ
ತಾನೇ ಹಿಂದುಳಿಯುವುದು.
ಗಾಡಿಯಲ್ಲಿದ್ದವರಿಗೆ ಗೊತ್ತೂ ಆಗುತ್ತಿರಲಿಲ್ಲ.

ಆ ಶನಿವಾರ ಏಳು ಚಿತ್ರ ಕೆಂಪು ಡಚೆಸ್ಸುಗಳ ಪಾಲಾದವು.
ಎಂಟನೆಯದು ಸರಕುಗಾಡಿಯ ಮೂತಿಗೆ.
ಆಮೇಲೆ ಡಬ್ಬಿ, ಡಬ್ಬಿ, ಡಬ್ಬಿ, ಡಬ್ಬಿ,
ಕೊನೆಗೆ ಅಪ್ಪ:
ಮಸಿ ಮುಖ, ಕತ್ತಿಗೆ ಸುತ್ತಿದ ಬಟ್ಟೆ,
ಕಪ್ಪು ಗೆದ್ದವನಂತೆ ಎರಡೂ ಕೈಯಲ್ಲಿ ಮೇಲೆತ್ತಿದ ಸಲಿಕೆ.
ಗುಂಡಿ ಒತ್ತಿದೆ.
ಖಾಲಿ ಡಬ್ಬ ಟಕ್ ಎಂದಿತು.

ರಾತ್ರಿ ತವರದ ತೊಟ್ಟಿಯಲ್ಲಿ ಕೂತು ಬೆನ್ನು ಉಜ್ಜಿಸಿಕೊಳ್ಳುತ್ತ ಕೇಳಿದ,
"ಹಿಡಿದೆಯೇನೇ ನನ್ನ?"
ಹ್ಞೂಂ ಅಂದೆ.
ಫಿಲ್ಮು ತೊಳೆದು ಬರಲು ಎರಡು ವಾರ.
ಎರಡು ವಾರವೂ ದಿನಾ ಕೇಳಿದ.
ಲಕೋಟೆ ಬಂದಾಗ ಎಣಿಸಿದ. ಇನ್ನೊಮ್ಮೆ ಎಣಿಸಿದ.
"ಮಸಿಯೊಳಗೆ ಮಸಿ, ಎಲ್ಲಿಂದ ಕಾಣಬೇಕು"
ಎಂದು ನಕ್ಕ. ನಗು ಕೆಮ್ಮಾಯಿತು.

ಆ ಕೆಮ್ಮಿನ ಸುದ್ದಿ ಇವರಲ್ಲಿ ಎತ್ತಿಲ್ಲ ನಾನು.
ಹೊಗೆ ದಟ್ಟವಾಗಿ ಬರಲಪ್ಪಾ ಎಂದು ನಿಂತವರಿಗೆ
ಏನೆಂದು ಹೇಳುವುದು?
ಬರಲಿ ಎಂದು ನನಗೂ ಆಸೆ.

ಹತ್ತು ಮೂವತ್ತೆರಡು. ಮೋಡ, ಕೊಟ್ಟ ಮಾತಿಗೆ ತಪ್ಪದೆ.
ಕೆಳಗೆ ಎಲ್ಲೋ ಒಂದು ಕೂಗು; ಕುರಿಗಳೂ ಕತ್ತೆತ್ತಿದವು.
ಮರಗಳ ಮೇಲೆ ಬಿಳಿ ಹಬೆ, ಅದರಡಿ ಹಸಿರು ಇಂಜಿನ್ನು,
ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಹತ್ತು ಕ್ಯಾಮೆರಾ ಶುರುವಾಗಬೇಕು,
ಮೇಲಿಂದ ಇಳಿದು ಬಂತು ನೋಡಿ ಸರಕುಗಾಡಿ,
ನೀಲಿ ಪೆಟ್ಟಿಗೆ, ಕಂದು ಪೆಟ್ಟಿಗೆ, ಮತ್ತೆ ನೀಲಿ,
ಮುಗಿಯದ ಗೋಡೆ.
ಹತ್ತು ಮಂದಿ ಒಟ್ಟಿಗೆ ಬೌಲ್ಡ್.
ಹೆಸ್ಕೆತ್ ಬೈದ ಬೈಗುಳ ಅವನ ತಾಯಿ ಕಲಿಸಿದ್ದಿರಲಾರದು.

ಗೋಡೆ ಸರಿದಾಗ ಉಳಿದದ್ದು ಬಾಲ:
ಕಡೆಯ ಎರಡು ಬೋಗಿ, ಬೆನ್ನಿಗೆ ಹೊಲಸು ಮೆತ್ತಿದ ಡೀಸೆಲ್ಲು,
ದುಡಿಯುತ್ತ, ನೂಕುತ್ತ.
ಅದರ ಕಿಟಕಿಯಲ್ಲಿ ಕಿತ್ತಳೆ ಅಂಗಿಯ ಹುಡುಗಿಯೊಬ್ಬಳು
ನಮ್ಮ ಸಾಲು ಮುಖಗಳ ಸೂತಕ ಕಂಡು ನಕ್ಕು
ಕೈ ಮೇಲೆತ್ತಿದಳು.
ಒತ್ತಿದೆ.

"ಏನು ಸಿಕ್ಕಿತು?" ಹೆಸ್ಕೆತ್ ಬಗ್ಗಿ ನೋಡಿದ.
"ಓ, ಡೀಸೆಲ್ಲು," ಎಂದ,
ಸಾರಿನಲ್ಲಿ ನೊಣ ಎನ್ನುವ ದನಿಯಲ್ಲಿ.
ನಾನು ಚಿತ್ರ ಹಿಗ್ಗಿಸಿ ನೋಡಿದೆ.
ಎತ್ತಿದ ಕೈಯಲ್ಲಿರುವುದು ಅರ್ಧ ಕಚ್ಚಿದ ಸ್ಯಾಂಡ್‌ವಿಚ್ಚು.
ಪರದೆಯ ಮೂಲೆಯಲ್ಲಿ ಸಣ್ಣ ಅಂಕಿ:
ಇನ್ನೂ ಎಂಟುನೂರ ಹನ್ನೆರಡು ಚಿತ್ರಕ್ಕೆ ಜಾಗವಿದೆ.